ಮಾಜಿ ಆಮದಾರ ಅಂದರೆ ನಮ್ಮ ವೈನಿ

ಹೋದ ತಿಂಗಳು ಶೇಗಾಂವದಲ್ಲಿ ನಮ್ಮ ದೂರದ ನೆಂಟರ ಮನೆಯ ಮದುವೆಯಿತ್ತು. ಅಕ್ಷತೆ ಬೀಳುವ ಮೊದಲು ವೇದಿಕೆಯ ಮೇಲೆ ದೊಡ್ಡವರ ಸತ್ಕಾರ ಮಾಡುವುದು ಈಗ ನಮ್ಮ ಕಡೆ ರೂಢಿಯಾಗಿದೆ. ವಧೂವರರು ಬೆವರುತ್ತ ನಿಂತಿರುತ್ತಾರೆ, ಇತ್ತ ಫೇಟಾ ಸುತ್ತುವ ಕೆಲಸ ನಡೆದೇ ಇರುತ್ತದೆ. ಮೈಕು ಹಿಡಿದವನು ಸರಪಂಚರನ್ನು ಕರೆದ, ಸೊಸಾಯಟಿಯ ಚೇರಮನ್ನರನ್ನು ಕರೆದ. ಆಮೇಲೆ ದನಿ ಏರಿಸಿ, "ನಮ್ಮ ತಾಲೂಕಿನ ಮಾಜಿ ಆಮದಾರ ಸಾಹೇಬರು" ಎಂದ. ಶಾಸಕರಿಗೆ ನಮ್ಮಲ್ಲಿ ಆಮದಾರ ಎನ್ನುತ್ತಾರೆ. ಮೊದಲ ಸಾಲಿನ ಸೋಫಾದಿಂದ ನನ್ನ ಅಣ್ಣ ಎದ್ದ. ಮೆಟ್ಟಿಲು ಹತ್ತಿ ಹೋಗಿ ಫೇಟಾ ಸುತ್ತಿಸಿಕೊಂಡ, ಶಾಲು ಹೊದಿಸಿಕೊಂಡ, ಜನಕ್ಕೆ ಕೈ ಮುಗಿದ.

ನನ್ನ ಅಣ್ಣ ಒಂದು ದಿನವೂ ಆಮದಾರನಾಗಿದ್ದವನಲ್ಲ. ಒಂದು ಸಲ ನಿಂತಿದ್ದಾನೆ, ಸೋತಿದ್ದಾನೆ. ಐದು ವರ್ಷ ಆಮದಾರಳಾಗಿದ್ದವಳು ಅವನ ಹೆಂಡತಿ, ನನ್ನ ವೈನಿ. ಅವನು ಶಾಲು ಹೊದಿಸಿಕೊಳ್ಳುವ ಹೊತ್ತಿಗೆ ಅವಳು ಹೆಂಗಸರ ಸಾಲಿನಲ್ಲಿ ನನ್ನ ಪಕ್ಕ ಕುಳಿತು ಯಾರದೋ ಕೂಸನ್ನು ತೊಡೆಯ ಮೇಲೆ ಆಡಿಸುತ್ತಿದ್ದಳು. ನನಗೆ ಸುಮ್ಮನಿರಲಾಗಲಿಲ್ಲ. ಎದ್ದು ಹೋಗಿ ಮೈಕಿನವನಿಗೆ ಹೇಳಿದೆ.

"ತಪ್ಪ ಹೇಳೀರಿ ನೀವು. ಮಾಜಿ ಆಮದಾರರು ಅಲ್ಲಿ ಕುಂತಾರ ನೋಡ್ರಿ, ಹೆಂಗಸೂರಾಗ."

ಅವನು ಅತ್ತ ನೋಡಿದ, ನಕ್ಕ. "ಎಲ್ಲಾ ಒಂದ ಮನಿ ಅಲ್ರಿ ಬಾಯಿ. ಸಾಹೇಬ್ರಿಗೆ ಮಾಡಿದ್ರ ಅವರಿಗೂ ಮಾಡಿದಂಗ ಆತಲ್ರಿ."

ವಾಪಸು ಬಂದು ಕುಳಿತಾಗ ವೈನಿ ನನ್ನ ಸೆರಗು ಜಗ್ಗಿ, "ಬಿಡ್ರಿ ಅಕ್ಕಾ, ಮದಿವಿ ಮನಿ ಐತಿ" ಎಂದಳು. ನಾನು ಊಟ ಮಾಡದೆ ಎದ್ದು ಬಂದೆ. ಬಿಡು ಬಿಡು ಎಂದೇ ಈ ಸುಳ್ಳು ಇಷ್ಟು ದೂರ ನಡೆದು ಬಂದಿದೆ. ಇನ್ನು ಹತ್ತು ವರ್ಷ ಬಿಟ್ಟರೆ ಅವಳು ಆಮದಾರಳಾಗಿದ್ದಳು ಎಂಬುದನ್ನು ಯಾರೂ ನಂಬುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಣ್ಣ ಓದಲಿ ಎಂದೇ ಬರೆಯುತ್ತಿದ್ದೇನೆ.

ವೈನಿ ಗಡಿಯಾಚೆ ವಿಜಯಪುರದ ಕಡೆಯವಳು; ನಾವು ಈಚೆ, ಮರಾಠಿ ರಾಜ್ಯದಲ್ಲಿರುವ ಕನ್ನಡದವರು. ಗಡಿ ನಕಾಶೆಯಲ್ಲಿ ಇದೆ; ಹೆಣ್ಣು ಕೊಡುವಾಗ ತರುವಾಗ ಅದು ನಮಗೆ ಎಂದೂ ಅಡ್ಡ ಬಂದಿಲ್ಲ. ಮದುವೆಯಾಗಿ ಬಂದಾಗ ಅವಳಿಗೆ ಬರುತ್ತಿದ್ದ ಮರಾಠಿ ಎಂದರೆ 'ಕಿತಿ' ಮತ್ತು 'ನಕೋ'. ಎಷ್ಟು, ಬೇಡ. ಸಂತೆಗೆ ಅಷ್ಟು ಸಾಕು ಎನ್ನುತ್ತಿದ್ದಳು. ವಯಸ್ಸಿನಲ್ಲಿ ನನಗಿಂತ ಸಣ್ಣವಳು, ನಂಟಿನಲ್ಲಿ ದೊಡ್ಡವಳು. ಹಾಗಾಗಿ ಅವಳು ನನಗೆ ಅಕ್ಕಾ ಎನ್ನುತ್ತಾಳೆ, ನಾನು ಅವಳಿಗೆ ವೈನಿ ಎನ್ನುತ್ತೇನೆ. ನಾನು ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ಜಿಲ್ಲಾ ಪರಿಷತ್ತಿನ ಕನ್ನಡ ಸಾಲೆಯಲ್ಲಿ ಕಲಿಸುತ್ತಿದ್ದವಳು. ಒಂದೇ ಅಡುಗೆಮನೆಯಲ್ಲಿ ಮೂವತ್ತು ವರ್ಷದ ಮೇಲೆ ಕಳೆದಿದ್ದೇವೆ. ಅವಳ ಬಗ್ಗೆ ಹೇಳಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ.

ನಮ್ಮ ಅಪ್ಪ ಕುರಿ ಕಾಯ್ದವನು. ಅಣ್ಣ ಕುರಿ ಬಿಟ್ಟು ರಾಜಕಾರಣ ಹಿಡಿದ. ಮೊದಲು ಸಾಹೇಬರ ಹಿಂದೆ ಜೀಪಿನಲ್ಲಿ ತಿರುಗುವ ಕಾರ್ಯಕರ್ತ, ಆಮೇಲೆ ಪಂಚಾಯತ್ ಸಮಿತಿಯ ಸಭಾಪತಿ. ಸಾಹೇಬರು ಎಂದರೆ ಜಿಲ್ಲೆಯಲ್ಲಿ ಪಕ್ಷವನ್ನು ನಡೆಸುವವರು. ತಿಕೀಟು ಯಾರಿಗೆ ಎಂದು ನಿರ್ಧರಿಸುವವರು ಅವರೇ. ನಮ್ಮ ಪಡಸಾಲೆಯಲ್ಲಿ ದಿನವೂ ಹತ್ತಿಪ್ಪತ್ತು ಗಂಡಸರು. ವೈನಿಯ ಕೆಲಸ ಚಹಾ. ಚಹಾದ ಗಂಗಾಳ ಹಿಡಿದು ಹೋಗುವಾಗ ಬರುವಾಗ ಅವಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಯಾವ ಊರಿನ ಪಂಪು ಕೆಟ್ಟಿದೆ, ಊರ ಲೆಕ್ಕ ಬರೆಯುವ ಯಾವ ತಲಾಠಿ ಕೈಗೆ ಸಿಗುವುದಿಲ್ಲ, ಯಾವ ಸಾಲೆಯ ಮಾಡು ಹಾರಿದೆ. ರೊಟ್ಟಿ ಬಡಿಯುತ್ತ ನನಗೆ ಹೇಳುತ್ತಿದ್ದಳು: "ಅಕ್ಕಾ, ಆ ಮುದುಕಪ್ಪ ಈ ಪಂಪಿನ ಸಲವಾಗಿ ಮೂರನೇ ಸಲ ಬಂದಾನ. ನಿಮ್ಮ ಅಣ್ಣಗ ನೆಪ್ಪಿಲ್ಲ, ನನಗ ನೆಪ್ಪೈತಿ."

ಅಣ್ಣನ ಕನಸು ಆಮದಾರಕಿ. ಅದು ಕೈಗೆ ಬರುವ ಹೊತ್ತಿಗೆ ಹಳೆಯದೊಂದು ಹೊಡೆದಾಟದ ಪ್ರಕರಣದಲ್ಲಿ ಕೋರ್ಟು ಅವನಿಗೆ ಶಿಕ್ಷೆ ಹೇಳಿತು. ಮೇಲಿನ ಕೋರ್ಟಿಗೆ ಹೋದ, ಜಾಮೀನು ಸಿಕ್ಕಿತು. ಆದರೆ ಆ ಸಲದ ಚುನಾವಣೆಗೆ ನಿಲ್ಲುವಂತಿರಲಿಲ್ಲ. ಸಾಹೇಬರು ಒಂದು ಮಧ್ಯಾಹ್ನ ಮನೆಗೆ ಬಂದರು. ಪಡಸಾಲೆಯ ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿನ ಮೇಲೆ ಅಣ್ಣ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತ. ವೈನಿ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಕುಳಿತಿದ್ದಳು.

"ಚಲೋ ಸೀರಿ ಉಟ್ಗೊಂಡು ಬಾ. ಫೋಟೋ ತಗೀಬೇಕು."

"ಯಾತರದು?"

"ಈ ಸಲ ನೀ ನಿಲ್ತಿ."

ಅವಳು ಮೊರ ಕೆಳಗಿಟ್ಟಳು. "ನಾನ? ಗೆದ್ರ ಏನ್ ಮಾಡ್ಲಿ?"

"ಗೆದ್ರ ನಾ ನೋಡ್ಕೋತೀನಿ. ನೀ ಸಹಿ ಮಾಡು ಸಾಕು."

ಒಬ್ಬ ಗಂಡಸೂ ಅವಳನ್ನು ಕೇಳಲಿಲ್ಲ. ಮನೆಯ ಎಮ್ಮೆ ಮಾರುವಾಗಲೂ ನಮ್ಮ ಅವ್ವನನ್ನು ಒಂದು ಮಾತು ಕೇಳುತ್ತಿದ್ದರು. ಬ್ಯಾನರಿನಲ್ಲಿ ಅಣ್ಣನ ಮುಖ ದೊಡ್ಡದು, ಸಾಹೇಬರದು ಅದಕ್ಕಿಂತ ದೊಡ್ಡದು, ಮೂಲೆಯಲ್ಲಿ ತಲೆಯ ಮೇಲೆ ಸೆರಗು ಹೊದ್ದ ವೈನಿ. ಹೊಸಬರು ನೋಡಿದರೆ ನಿಂತವರು ಯಾರು ಎಂದು ತಿಳಿಯುವಂತಿರಲಿಲ್ಲ.

ಸರಕಾರಿ ನೌಕರಿಯವಳಾದ್ದರಿಂದ ನಾನು ಪ್ರಚಾರಕ್ಕೆ ಹೋಗುವಂತಿರಲಿಲ್ಲ. ವೈನಿಯ ಜೊತೆ ಹೋದವಳು ನಮ್ಮ ನೆರೆಮನೆಯ ಆಪಾ. ಆಪಾ ಮನೆಯಲ್ಲಿ ದಖನಿ ಆಡುತ್ತಾಳೆ, ಹೊರಗೆ ನಮ್ಮಂತೆಯೇ ಕನ್ನಡ. ಗಂಡ ಬಸ್ ನಿಲ್ದಾಣದ ಬಳಿ ಕಬ್ಬಿಣದ ಟ್ರಂಕು ಮಾಡಿ ಮಾರುತ್ತಾನೆ. ಮಾತಿನಲ್ಲಿ ಆಪಾಳನ್ನು ಗೆದ್ದವರನ್ನು ನಾನು ಇನ್ನೂ ನೋಡಿಲ್ಲ. ಬಾಲಗಾಂವದ ಸಭೆಯ ಕತೆಯನ್ನು ಅವಳೇ ನನಗೆ ಹೇಳಿದ್ದು. ಅಣ್ಣ ಮರಾಠಿಯಲ್ಲಿ ಭಾಷಣ ಬರೆಸಿ ವೈನಿಯ ಕೈಗೆ ಕೊಟ್ಟಿದ್ದನಂತೆ. ವೈನಿ ಮೊದಲ ಸಾಲು ಓದಿದಳು, ತಡವರಿಸಿದಳು, ಎದುರಿಗೆ ಕುಳಿತ ಹೆಂಗಸರನ್ನು ನೋಡಿದಳು. ಕಾಗದ ಮಡಚಿ ಕುಪ್ಪಸದಲ್ಲಿ ಇಟ್ಟುಕೊಂಡು ಕನ್ನಡದಲ್ಲಿ ಮಾತಾಡತೊಡಗಿದಳು. "ನಾ ನಿಮ್ಮಂಗ ಒಲಿ ಮುಂದ ಕುಂದ್ರಾಕಿ. ಆದ್ರ ಮೂವತ್ತ ವರ್ಷ ನಿಮ್ಮ ಗಂಡಂದಿರ ಮಾತು ಕೇಳೀನಿ. ಅವರು ಏನೇನ್ ಬೇಡಿದ್ರು ಅಂತ ಅವರು ಮರ್ತಾರ, ನಾ ಮರ್ತಿಲ್ಲ." ಹೆಂಗಸರು ನಕ್ಕರು, ಚಪ್ಪಾಳೆ ತಟ್ಟಿದರು. ಗಂಡಸರೂ ತಟ್ಟಿದರಂತೆ.

ಅವಳು ಗೆದ್ದಳು. ನಮ್ಮ ಓಣಿಯಲ್ಲಿ ಗುಲಾಲು ಎರಚಿದರು. ಹೆಗಲ ಮೇಲೆ ಹೊತ್ತು ಮೆರೆಸಿದ್ದು ಅಣ್ಣನನ್ನು.

ಪ್ರಮಾಣವಚನದಲ್ಲೂ ಅವಳ ಹೆಸರಿನ ನಡುವೆ ಅಣ್ಣನ ಹೆಸರು ಬಂತು. ನಮ್ಮ ರಾಜ್ಯದಲ್ಲಿ ಹಾಗೆಯೇ ಬರೆಯುತ್ತಾರೆ. ಮನೆಯ ಮುಂದಿನ ಖೋಲಿ ಆಮದಾರರ ಕಚೇರಿಯಾಯಿತು. ಕುರ್ಚಿಯಲ್ಲಿ ಅಣ್ಣ. ಬಂದವರೆಲ್ಲ ಅವನಿಗೇ "ಆಮದಾರ ಸಾಹೇಬ" ಎಂದರು. ಅವನು ಒಮ್ಮೆಯೂ ತಿದ್ದಲಿಲ್ಲ. ಸಹಿ ಬೇಕಾದಾಗ ಒಳಗೆ ಕೂಗು ಹಾಕುತ್ತಿದ್ದ. ವೈನಿ ಕೈಯ ಹಿಟ್ಟು ತೊಳೆದು ಬಂದು ನಿಂತೇ ಸಹಿ ಮಾಡಿ ಹೋಗುತ್ತಿದ್ದಳು. ಕುಳಿತುಕೊಳ್ಳಲು ಆ ಖೋಲಿಯಲ್ಲಿ ಅವಳಿಗೆ ಜಾಗವಿರಲಿಲ್ಲ. ಅಧಿವೇಶನಕ್ಕೆ ಮುಂಬಯಿಗೆ ಹೋದರೆ ಅಣ್ಣನೂ ಜೊತೆಗೆ. ಅವಳು ಸಭಾಗೃಹದಲ್ಲಿ ಸುಮ್ಮನೆ ಕುಳಿತು ಬರುತ್ತಿದ್ದಳು, ಅವನು ಹೊರಗೆ ಮಂತ್ರಿಗಳ ಬಾಗಿಲು ಬಾಗಿಲು ತಿರುಗುತ್ತಿದ್ದ. ರಸ್ತೆ, ಗಟಾರು, ಸಮಾಜ ಮಂದಿರ ಎಂದು ಏನೇನೋ ತಂದ. ಅದೆಲ್ಲ ಯಾರ ಕೈಯಲ್ಲಿ ಕಟ್ಟಿಸಬೇಕು ಎಂಬುದೂ ಅವನ ತಲೆಯಲ್ಲೇ ಇರುತ್ತಿತ್ತು.

ಹೀಗೆ ಒಂದೆರಡು ವರ್ಷ ನಡೆಯಿತು. ಒಂದು ದಿನ ಗಡಿಯಂಚಿನ ಹಳ್ಳಿಯೊಂದರಿಂದ ಏಳೆಂಟು ಹೆಂಗಸರು ಬಂದರು. ಮಕ್ಕಳನ್ನೂ ಕರೆತಂದಿದ್ದರು. ಕಚೇರಿಯ ಖೋಲಿಯಲ್ಲಿ ಅಣ್ಣ ಫೋನಿನಲ್ಲಿ ಮಾತಾಡುತ್ತ ಕೈಯಲ್ಲೇ ಕೂರಲು ಸನ್ನೆ ಮಾಡಿದ. ಅವರು ಕುಳಿತರು. ಬಹಳ ಹೊತ್ತಾಯಿತು. ಕೊನೆಗೆ ಅವರಲ್ಲೊಬ್ಬಳು, ಗಟ್ಟಿ ಮೈಯ ಹೆಂಗಸು, ಎದ್ದು ಸೀದಾ ಅಡುಗೆಮನೆಗೆ ಬಂದಳು. ಉಳಿದವರೂ ಬಂದರು.

"ಆಮದಾರ ಬಾಯಿ ಯಾರ್ರಿ?"

ವೈನಿ ಒಲೆಯ ಮುಂದಿನಿಂದ ತಲೆ ಎತ್ತಿ, "ನಾನ ಬಾಯಿ. ಬರ್ರಿ, ಕುಂದ್ರಿ" ಎಂದಳು. ಅವಳನ್ನು ಆ ಹೆಸರಿನಿಂದ ನಮ್ಮ ಮನೆಯೊಳಗೆ ಕರೆದದ್ದು ಅದೇ ಮೊದಲು ಎಂದು ನನಗೆ ಚೆನ್ನಾಗಿ ನೆನಪಿದೆ.

ಅವರ ಊರಿನ ಸಾಲೆ ಕನ್ನಡ ಸಾಲೆ. ಅಲ್ಲಿಗೆ ಹೊಸ ಮಾಸ್ತರರನ್ನು ಕಳಿಸಿದ್ದರು. ಅವರಿಗೆ ಕನ್ನಡದ ಒಂದು ಅಕ್ಷರವೂ ಬರುವುದಿಲ್ಲ. ಒಂದನೇ ಇಯತ್ತೆಯ ಮಕ್ಕಳಿಗೆ ಮರಾಠಿ ಬರುವುದಿಲ್ಲ. "ನಮ್ಮ ಹುಡ್ರು ಸಾಲಿಗಿ ಹೋಗ್ತಾವ್ರಿ, ಗಪ್ ಕುಂತು ಬರ್ತಾವ್ರಿ. ಒಂದಕ್ಕ ಹೋಗ್ಬೇಕು ಅಂತ ಹೇಳಾಕ ಬರಂಗಿಲ್ಲ ಅಂತ ಚಡ್ಡ್ಯಾಗ ಮಾಡ್ಕೊಂಡು ಬಂದಾನ್ರಿ ನನ್ನ ಮೊಮ್ಮಗ."

ಇದು ನನಗೆ ಹೊಸ ಸುದ್ದಿಯಲ್ಲ. ಕನ್ನಡ ಸಾಲೆಗಳಿಗೆ ಕನ್ನಡ ಬಾರದವರನ್ನು ಕಳಿಸುವುದನ್ನು ನೌಕರಿಯಲ್ಲಿದ್ದುಕೊಂಡೇ ನೋಡುತ್ತಿದ್ದೆವು. ನಮ್ಮ ಸಂಘದವರು ಅರ್ಜಿ ಕೊಟ್ಟು ಕೊಟ್ಟು ಬೇಸತ್ತಿದ್ದರು. ಆದರೆ ವೈನಿಗೆ ಅದು ಎದೆಗೆ ನಾಟಿತು. ಮರುದಿನ ಆಪಾಳನ್ನೂ ನನ್ನನ್ನೂ ಕರೆದುಕೊಂಡು ಆ ಹಳ್ಳಿಗೆ ಹೊರಟಳು. ಅಣ್ಣನಿಗೆ ಹೇಳಲಿಲ್ಲ.

ಅವಳು ವರ್ಗದೊಳಗೆ ಹೋಗಿ ಹಿಂದಿನ ಚಾಪೆಯ ಮೇಲೆ ಮಕ್ಕಳ ನಡುವೆ ಕುಳಿತಳು. ಮಾಸ್ತರರು ಇನ್ನೂ ಹರೆಯದವರು, ದೂರದ ಜಿಲ್ಲೆಯವರು. ಆಮದಾರರು ಬಂದಿದ್ದಾರೆ ಎಂದು ಗಾಬರಿಯಾಗಿ ಹಲಗೆಯ ಮೇಲೆ ಚಿತ್ರ ಬರೆದರು, ಹಸುವಿನಂತೆ ಕೂಗಿ ತೋರಿಸಿದರು, ಚಪ್ಪಾಳೆ ತಟ್ಟಿದರು. ಮಕ್ಕಳು ನೋಡುತ್ತಿದ್ದರು. ಮೂವತ್ತು ಮಕ್ಕಳಿರುವ ವರ್ಗದಲ್ಲಿ ಅಂಥ ಮೌನವನ್ನು ನನ್ನ ಇಡೀ ನೌಕರಿಯಲ್ಲಿ ನಾನು ಕೇಳಿಲ್ಲ. ಮಕ್ಕಳ ಗದ್ದಲಕ್ಕೆ ಬೈದುಕೊಳ್ಳುತ್ತಿದ್ದ ನನಗೆ ಆ ಮೌನ ಭಯ ಹುಟ್ಟಿಸಿತು. ಹೊರಗೆ ಬಂದ ಮೇಲೆ ಮಾಸ್ತರರು ಮರಾಠಿಯಲ್ಲಿ ವೈನಿಗೆ ಕೈ ಮುಗಿದು ಹೇಳಿದರು: ನನ್ನನ್ನು ಬೈಯಬೇಡಿ ತಾಯಿ, ನಾನು ಕೇಳಿ ಬಂದದ್ದಲ್ಲ, ನನಗೂ ಸಾಯಂಕಾಲ ಖೋಲಿಗೆ ಹೋದರೆ ಅಳು ಬರುತ್ತದೆ.

ಜೀಪಿನಲ್ಲಿ ವೈನಿ ನನ್ನತ್ತ ತಿರುಗಿ ಕೇಳಿದಳು: "ಅಕ್ಕಾ, ಇದನ್ನ ಅಲ್ಲಿ ಸಭಾದಾಗ ಕೇಳಾಕ ಬರ್ತದೇನು?"

"ಬರ್ತದ. ನೀ ಆಮದಾರ ಇದ್ದಿ. ನೀ ಕೇಳಲಿಲ್ಲಂದ್ರ ಇನ್ಯಾರ್ ಕೇಳ್ಬೇಕು?"

"ನಂದು ಮರಾಠಿ ಹಂಗೈತಿ."

ಮುಂದೆ ಕುಳಿತಿದ್ದ ಆಪಾ ತಿರುಗಿ, "ಅಲ್ಲಿ ಕುಂತವರದು ಏನ್ ಭಾರಿ ಐತಿ? ನೀ ಕೇಳ್ ವೈನಿ, ಅಲ್ಲಾ ನೋಡ್ಕೋತಾನ" ಎಂದಳು.

ದಿನವೂ ಸಾಲೆ ಬಿಟ್ಟು ಬಂದ ಮೇಲೆ ನಾವಿಬ್ಬರೂ ಮಾಳಿಗೆಯ ಮೇಲೆ ಕುಳಿತು ತಯಾರಿ ನಡೆಸಿದೆವು. ಮರಾಠಿಯಲ್ಲಿ ಪ್ರತಿ ವಸ್ತುವೂ ಗಂಡೋ ಹೆಣ್ಣೋ ಎರಡೂ ಅಲ್ಲದ್ದೋ ಆಗಿರುತ್ತದೆ. ಕನ್ನಡದವರಿಗೆ ಅದೇ ತೊಡಕು. "ಸಾಲಿ ಹೆಣ್ಣು, ದಾಖಲಾ ಗಂಡು, ಪುಸ್ತಕ ಎರಡೂ ಅಲ್ಲ. ಇದೇನ್ ಅಕ್ಕಾ, ಪುಸ್ತಕ ಏನ್ ಪಾಪ ಮಾಡ್ಯಾವ" ಎಂದು ನಗುತ್ತಿದ್ದಳು. ನಕ್ಕು ಮತ್ತೆ ಮೊದಲಿನಿಂದ ಹೇಳುತ್ತಿದ್ದಳು. ಬಟ್ಟೆ ಒಣಹಾಕುವಾಗ, ಶೇಂಗಾ ಹುರಿಯುವಾಗ ತುಟಿ ಅಲ್ಲಾಡುತ್ತಲೇ ಇರುತ್ತಿತ್ತು. ಅವ್ವ ಅದನ್ನು ನೋಡಿ, ಸೊಸೆ ಜಪ ಹಿಡಿದಿದ್ದಾಳೆ ಎಂದುಕೊಂಡಿದ್ದಳು.

ನಾಗಪುರದ ಚಳಿಗಾಲದ ಅಧಿವೇಶನದಲ್ಲಿ ಅವಳು ಎದ್ದು ನಿಂತಳು. ನಾನು ಸಾಲೆಯ ಸಿಬ್ಬಂದಿ ಖೋಲಿಯಲ್ಲಿ ಮೊಬೈಲು ಹಿಡಿದುಕೊಂಡು ನೋಡುತ್ತಿದ್ದೆ. ಮೊದಲ ಎರಡು ಮಾತು ಸರಿಯಾಗಿ ಬಂದವು. ಮೂರನೆಯದರಲ್ಲಿ ಹೆಣ್ಣಾಗಬೇಕಾದದ್ದು ಗಂಡಾಯಿತು. ಯಾರೋ ಒಬ್ಬರು ನಕ್ಕರು, ಆಮೇಲೆ ನಾಲ್ಕಾರು ಮಂದಿ ನಕ್ಕರು. ಹಿಂದಿನಿಂದ ಒಂದು ದನಿ, ಬಾಯಿಯವರೇ, ಬೆಂಗಳೂರಿಗೆ ಹೋಗಿ ಕೇಳಿ ಎಂದಿತು.  ವೈನಿ ಕೂರಲಿಲ್ಲ. ನಗು ನಿಲ್ಲುವ ತನಕ ನಿಂತಳು. ಆಮೇಲೆ ನಾವು ಮಾಳಿಗೆಯ ಮೇಲೆ ಕಲಿಯದ ಮಾತು ಹೇಳಿದಳು, ಅದೇ ಮುರುಕು ಮರಾಠಿಯಲ್ಲಿ: ನಗಿರಿ. ನನಗೆ ಐವತ್ತು ದಾಟಿದೆ, ನಾನು ತಡಕೊಳ್ಳುತ್ತೇನೆ. ಆರು ವರ್ಷದ ನಮ್ಮ ಮಕ್ಕಳು ಹೀಗೆಯೇ ಪರಕೀಯ ಮಾತಿನ ನಡುವೆ ದಿನವೂ ಸಾಲೆಯಲ್ಲಿ ನಿಲ್ಲುತ್ತಾರೆ. ನಾನು ಯಾವ ರಾಜ್ಯವನ್ನೂ ಕೇಳುತ್ತಿಲ್ಲ. ಅವರಿಗೆ ತಿಳಿಯುವ ಮಾತಾಡುವ ಮಾಸ್ತರರನ್ನು ಕೊಡಿ.

ಯಾರೂ ನಗಲಿಲ್ಲ. ಮಂತ್ರಿಗಳು ಎದ್ದು, ನೋಡುತ್ತೇವೆ ಎಂದರು. ನಮ್ಮ ಸಾಲೆಯ ಹೆಡ್ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಮುಂದಿನ ಸಾಲೆಯ ವರ್ಷ ಶುರುವಾಗುವ ಹೊತ್ತಿಗೆ ಗಡಿಯ ಹಲವು ಸಾಲೆಗಳಿಗೆ ಕನ್ನಡ ಬಲ್ಲವರು ಬಂದರು. ಎಲ್ಲ ಕಡೆಗಲ್ಲ, ಆದರೆ ಬಂದರು. ಆ ಹರೆಯದ ಮಾಸ್ತರರಿಗೂ ಅವರ ಊರ ಕಡೆ ಬದಲಿಯಾಯಿತು. ಹೋಗುವ ಮುಂಚೆ ಮನೆಗೆ ಬಂದು ವೈನಿಯ ಕಾಲು ಮುಟ್ಟಿ ಹೋದರು. ಮೂವತ್ತು ವರ್ಷ ಪಡಸಾಲೆಯಲ್ಲಿ ಚಹಾ ಕುಡಿದ ಗಂಡಸರಿಂದ ಆಗದ ಕೆಲಸ ಇದು.

ಮನೆಯಲ್ಲಿ ಅದಕ್ಕೆ ಸಿಕ್ಕಿದ್ದೇನು ಎಂದೂ ಹೇಳಬೇಕು. ನಾಗಪುರದಿಂದ ಬಂದ ದಿನ ಅಣ್ಣ ಚಪ್ಪಲಿಯನ್ನೂ ಬಿಡದೆ ನಡುಮನೆಯಲ್ಲಿ ನಿಂತು ಕೂಗಾಡಿದ. ಪೇಪರಿನವರು ಗಡಿಯ ಜಗಳ ಕೆದಕಿದ ಆಮದಾರ ಎಂದು ಬರೆದಿದ್ದರು. ಸಾಹೇಬರ ಮನೆಯಿಂದ ಫೋನು ಬಂದಿತ್ತು.

"ನಿನಗ ಮಾತಾಡು ಅಂತ ಯಾರ್ ಹೇಳಿದ್ರು?"

"ಮಂದಿ ಹೇಳಿದ್ರು," ವೈನಿ ಎಂದಳು. "ವೋಟ ಹಾಕಿದವರು."

"ವೋಟ ನಿನಗ ಹಾಕ್ಯಾರೇನು? ನನ್ನ ಮಾರಿ ನೋಡಿ ಹಾಕ್ಯಾರ."

"ಹಂಗಿದ್ರ ನೀವ ಕೇಳ್ಬೇಕಾಗಿತ್ತಲ್ರಿ, ಅವರು ನಿಮ್ಮ ಮುಂದ ಅಷ್ಟೊತ್ತು ಕುಂತಿದ್ರಲ್ಲ."

 ಅಣ್ಣ ಪತ್ರಕರ್ತರನ್ನು ಕಚೇರಿಯ ಖೋಲಿಗೆ ಕರೆಸಿ, ಆಮದಾರರ ಮಾತಿಗೆ ತಪ್ಪು ಅರ್ಥ ಬಂದಿದೆ, ಅವರಿಗೆ ಮರಾಠಿ ಸರಿಯಾಗಿ ಬರುವುದಿಲ್ಲವಾದ್ದರಿಂದ ಹಾಗಾಯಿತು, ಅವರ ಪರವಾಗಿ ನಾನು ವಿಷಾದಿಸುತ್ತೇನೆ ಎಂದ. ವೈನಿ ಅದೇ ಮನೆಯಲ್ಲಿ, ಒಂದು ಗೋಡೆಯ ಆಚೆ ಇದ್ದಳು. ಅವಳಿಗಾಗಿ ವಿಷಾದಿಸಲು ಅವಳನ್ನೇ ಕರೆಯಲಿಲ್ಲ. ನಾನು ಹೋಗಿ ಅವರೆದುರಿಗೇ ಸುಳ್ಳು ಎನ್ನಲು ಎದ್ದೆ. ವೈನಿ ಕೈ ಹಿಡಿದು ಕೂರಿಸಿದಳು. "ನಿಮ್ಮ ನೌಕರಿ ಹೋಗ್ತದ ಅಕ್ಕಾ. ಹೇಳ್ಕೊಳ್ಳಿ ಬಿಡ್ರಿ. ಮಾಸ್ತರ ಬಂದ್ರ ಸಾಕು."

ಆದರೆ ಅವಳು ಅಂದಿನಿಂದ ಕೂಗಿದಾಗ ಬಂದು ನಿಂತು ಸಹಿ ಮಾಡುವುದನ್ನು ಬಿಟ್ಟಳು. ಏನು ಎಂದು ಓದಿಸಿಕೊಂಡೇ ಸಹಿ. ಕೆಲವಕ್ಕೆ ಸಹಿ ಇಲ್ಲ. ಅಡುಗೆಮನೆಯ ಹಿಂದಿನ ಪಡವಿಯಲ್ಲಿ ಚಾಪೆ ಹಾಸಿದಳು; ಹೆಂಗಸರು ಹಿತ್ತಲ ಬಾಗಿಲಿನಿಂದ ಬರತೊಡಗಿದರು. ಆಪಾ ಅವರನ್ನು ಸಾಲಾಗಿ ಕೂರಿಸುತ್ತಿದ್ದಳು, ಜಗಳಾಡಿದರೆ ಬೈಯುತ್ತಿದ್ದಳು. ಉಳಿದ ವರ್ಷಗಳಲ್ಲಿ ವೈನಿ ಆಪಾಳೊಂದಿಗೆ ತಿರುಗಾಡದ ಹಳ್ಳಿ ಇಲ್ಲ. ಸೊರಡಿಯ ಕಡೆ ಹೋಗಿ ಬಂದ ದಿನ ಸೀರೆಯ ತುಂಬ ಕೆಂಧೂಳು. "ಅಕ್ಕಾ, ನನಗ ಈ ಕೆಲಸ ಬರ್ತದ" ಎಂದಳು ಒಮ್ಮೆ, ಗುಟ್ಟು ಹೇಳುವಂತೆ. ಐವತ್ತು ದಾಟಿದ ಹೆಂಗಸು ತನಗೆ ಒಂದು ಕೆಲಸ ಬರುತ್ತದೆ ಎಂದು ಕಂಡುಕೊಂಡ ಖುಷಿ ಅದು. ಅದನ್ನೇ ಇವರು ಕಸಿದುಕೊಂಡರು.

ಅವಧಿ ಮುಗಿಯುವ ಹೊತ್ತಿಗೆ ಮೇಲಿನ ಕೋರ್ಟು ಅಣ್ಣನನ್ನು ಬಿಡುಗಡೆ ಮಾಡಿತು. ಮನೆಯಲ್ಲಿ ಪೇಢೆ ಹಂಚಿದರು. ವೈನಿಯೂ ಹಂಚಿದಳು. ಕೆಲವು ದಿನಗಳಲ್ಲಿ ಮುಂದಿನ ತಿಕೀಟಿನ ಮಾತಿಗೆ ಸಾಹೇಬರ ಬಂಗಲೆಗೆ ಬರಲು ಹೇಳಿ ಕಳಿಸಿದರು. ನಾನು ಅಷ್ಟರಲ್ಲಿ ನಿವೃತ್ತಳಾಗಿದ್ದೆ; ಈ ಸಲ ಬಿಡಲಿಲ್ಲ, ಜೊತೆಗೆ ಹೋದೆ. ತಾನು ಮಾಡಿದ್ದನ್ನೆಲ್ಲ ಹೇಳಬೇಕೆಂದು ವೈನಿ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದಳು.

ಬಂಗಲೆಯಲ್ಲಿ ಗಂಡಸರನ್ನು ಒಳಗೆ ಕರೆದರು. ಅಣ್ಣ ಹೋದ. ಆಗಿನ್ನೂ ಆಮದಾರಳಾಗಿದ್ದ ವೈನಿ ಏಳಲು ಹೋದರೆ ಅಲ್ಲಿನ ಕಾರ್ಯಕರ್ತನೊಬ್ಬ, ವೈನಿಯವರೇ, ನೀವು ಇಲ್ಲಿ ಕುಳಿತುಕೊಳ್ಳಿ, ಚಹಾ ಬರುತ್ತದೆ ಎಂದ. ಚಹಾ ಬಂತು. ಅರ್ಧ ತಾಸಿನ ಮೇಲೆ ಸಾಹೇಬರು ನಗುತ್ತ ಹೊರಗೆ ಬಂದರು, ಹಿಂದೆ ಅಣ್ಣ. ಅವನು ನಮ್ಮತ್ತ ನೋಡಲಿಲ್ಲ. ಅವನ ಕೊರಳಲ್ಲಿ ಆಗಲೇ ಹಾರವಿತ್ತು.

"ವೈನಿ, ನೀವು ಐದು ವರ್ಷ ಖೂಪ ಕಷ್ಟ ಪಟ್ಟೀರಿ. ಈಗ ವಿಶ್ರಾಂತಿ ತಗೋರಿ," ಎಂದರು ಸಾಹೇಬರು. ಅವರಿಗೂ ಕನ್ನಡ ಬರುತ್ತದೆ, ಬೇಕಾದಾಗ.

ವೈನಿ ಎದ್ದು ನಿಂತಳು. "ನಂದೇನ್ ತಪ್ಪಾತ್ರಿ ಸಾಹೇಬ್ರ?"

"ತಪ್ಪಿನ ಮಾತ ಎಲ್ಲಿ ಬಂತು? ಸೀಟ ನಿಮ್ಮ ಮನ್ಯಾಗ ಉಳೀತಲಾ."

ಅಲ್ಲಿದ್ದವರೆಲ್ಲ ನಕ್ಕರು. ಯಾರೋ ಒಬ್ಬರು ಆರತಿಯ ತಟ್ಟೆ ತಂದು ವೈನಿಯ ಕೈಗೆ ಕೊಟ್ಟರು, ಗಂಡನಿಗೆ ಬೆಳಗಲೆಂದು. ಫೋಟೋದವನು ಸಜ್ಜಾಗಿ ನಿಂತ. ವೈನಿ ಆ ತಟ್ಟೆಯನ್ನು ಪಕ್ಕದ ಮೇಜಿನ ಮೇಲೆ ಇಟ್ಟು, ಹೊರಗೆ ಹೋಗಿ ಗಾಡಿಯಲ್ಲಿ ಕುಳಿತಳು. ಪೇಪರಿನಲ್ಲಿ ಅಣ್ಣನ ಫೋಟೋ ಒಂಟಿಯಾಗಿಯೇ ಬಂತು.

ನೀನು ಅಪಕ್ಷವಾಗಿ, ಯಾವ ಪಕ್ಷದ ಹಂಗೂ ಇಲ್ಲದೆ ನಿಲ್ಲು ಎಂದು ನಾನು ಹಟ ಹಿಡಿದೆ. ಆಪಾಳೂ ಹಿಡಿದಳು, "ನಾ ಮನಿ ಮನಿ ತಿರಗ್ತೀನಿ, ನನ್ನ ಗಂಡ ಟ್ರಂಕ್ ಬಿಟ್ಟು ಬರ್ತಾನ" ಎಂದಳು. ವೈನಿ ಒಪ್ಪಲಿಲ್ಲ. ಮಗಳಿಗೆ ಗಂಡು ನೋಡುತ್ತಿದ್ದ ಕಾಲ. ಗಂಡನ ಎದುರು ನಿಂತವಳ ಮಗಳು ಎಂಬ ಮಾತು ಬೇಡ ಎಂದಳು. ನಾನು ಅವಳೊಂದಿಗೆ ನಾಲ್ಕು ದಿನ ಮಾತು ಬಿಟ್ಟೆ. ಸಿಟ್ಟು ಅಣ್ಣನ ಮೇಲೆ; ಅದು ಬಿದ್ದದ್ದು ಅವಳ ಮೇಲೆ. ಹೆಂಗಸರ ಸಿಟ್ಟು ಹೆಚ್ಚಾಗಿ ಹೀಗೆ ಹತ್ತಿರದ ಹೆಂಗಸಿನ ಮೇಲೆಯೇ ಖರ್ಚಾಗುತ್ತದೆ.

ಪ್ರಚಾರಕ್ಕೆ ಬಾ ಎಂದಾಗ ಅವಳು ಹೋದಳು. ನಾನೂ ಹೋದೆ, ನೋಡೋಣ ಎಂದು. ಅಣ್ಣ ಎಲ್ಲ ಸಭೆಗಳಲ್ಲೂ ಕನ್ನಡ ಸಾಲೆಗೆ ಮಾಸ್ತರರನ್ನು ನಾನೇ ತಂದೆ ಎಂದ. ವಿಷಾದಿಸಿದ ಅದೇ ಬಾಯಿಯಿಂದ ಹೇಳಿದ. ಕೊನೆಯ ದೊಡ್ಡ ಸಭೆಯಲ್ಲಿ ಎರಡು ಮಾತಾಡಲು ವೈನಿಗೆ ಮೈಕು ಕೊಟ್ಟರು. ಅವಳು ಕನ್ನಡದಲ್ಲಿ, ಯಾವ ಯಾವ ಊರಿನ ಯಾವ ಕೆಲಸ ಆಯಿತು, ಯಾವುದು ಉಳಿಯಿತು ಎಂದು ಹೇಳಿದಳು. ಉಳಿದದ್ದಕ್ಕೆ ಕ್ಷಮೆ ಕೇಳಿದಳು. "ಐದು ವರ್ಷ ನನ್ನ ನಂಬೀರಿ. ನಿಮ್ಮ ಉಪಕಾರ ಭಾಳ ಆತು" ಎಂದು ಕೈ ಮುಗಿದು ಕುಳಿತಳು. ಗಂಡನಿಗೆ ವೋಟ ಹಾಕಿ ಎನ್ನಲಿಲ್ಲ. ಹಾಕಬೇಡಿ ಎಂದೂ ಅನ್ನಲಿಲ್ಲ. ಹೆಂಗಸರು ಎದ್ದು ಹೊರಟುಬಿಟ್ಟರು, ಅಣ್ಣನ ಭಾಷಣ ಇನ್ನೂ ಬಾಕಿಯಿತ್ತು.

ಅವನು ಸೋತ. ಕಾರಣ ಹುಡುಕಲು ದೂರ ಹೋಗಲಿಲ್ಲ. ಆ ನಾಗಪುರದ ಮಾತಿನಿಂದ ಪಕ್ಷಕ್ಕೆ ಕೆಟ್ಟ ಹೆಸರು ಬಂತು ಎಂದು ಸಾಹೇಬರು ಹೇಳಿದರಂತೆ. ಮೈಕು ಹಿಡಿದು ಮನೆ ಕೆಡಿಸಿದಳು ಎಂದು ಪಡಸಾಲೆಯ ಗಂಡಸರು ಅಂದರು. ಹಾಸಿಗೆ ಹಿಡಿದಿದ್ದ ಅವ್ವ ಮಾತ್ರ, "ಆಕಿ ನಿಂತಾಗ ಗೆದ್ದಳು, ನೀ ನಿಂತಾಗ ಸೋತಿ. ಇದರಾಗ ತಿಳ್ಕೊಳ್ಳೂದೇನೈತಿ" ಎಂದಳು ಮಗನಿಗೆ. ತೀರಿಕೊಳ್ಳುವ ಮುಂಚೆ ಅವ್ವ ಅಷ್ಟು ನ್ಯಾಯ ಹೇಳಿ ಹೋದಳು.

ಈಗ ಅಣ್ಣನ ಮೊಬೈಲಿನಲ್ಲಿ, ಗಾಡಿಯ ಹಿಂದೆ, ಮದುವೆಯ ಕಾರ್ಡುಗಳಲ್ಲಿ, ದೀಪಾವಳಿಯ ಬ್ಯಾನರುಗಳಲ್ಲಿ ಅವನ ಹೆಸರಿನ ಹಿಂದೆ ಮಾಜಿ ಆಮದಾರ ಎಂದಿರುತ್ತದೆ. ಬರೆಯುವವರು ತಾವಾಗಿಯೇ ಬರೆಯುತ್ತಾರೆ, ನಾನೇನು ಹೇಳಿಲ್ಲ ಎನ್ನುತ್ತಾನೆ. ನಿಜ, ಅವನು ಹೇಳುವುದಿಲ್ಲ. ಬೇಡ ಎಂದೂ ಹೇಳುವುದಿಲ್ಲ. ನಾನು ಒಂದು ಸಲ ಮುಖದ ಮೇಲೆ ಕೇಳಿದೆ.

"ಅಣ್ಣಾ, ಸೋತವಗ ಮಾಜಿ ಅಂತಾರೇನು?"

"ನಿನಗ್ಯಾಕ ಅಷ್ಟು ಉರಿ? ಆಕಿನ ಏನೂ ಅನ್ನಂಗಿಲ್ಲ."

ಆಕೆ ಏನೂ ಅನ್ನುವುದಿಲ್ಲ ಎಂಬುದೇ ಈ ಗಂಡಸರಿಗೆ ಸಿಕ್ಕ ದೊಡ್ಡ ಆಸ್ತಿ. ಅದರ ಮೇಲೆ ಮನೆ ಕಟ್ಟುತ್ತಾರೆ, ಪಕ್ಷ ಕಟ್ಟುತ್ತಾರೆ. ಸರಕಾರ ಮಾತ್ರ ತಪ್ಪುವುದಿಲ್ಲ; ಮಾಜಿ ಆಮದಾರರ ಬಸ್ ಪಾಸು ವೈನಿಯ ಹೆಸರಿಗೇ ಇದೆ. ಅವಳು ಈಗ ಲಾಲ್ ಪರಿ ಎನ್ನುವ ಕೆಂಪು ಸರಕಾರಿ ಬಸ್ಸಿನಲ್ಲೇ ತಿರುಗುತ್ತಾಳೆ. ಪಾಸು ತೋರಿಸಿದರೆ ಕಂಡಕ್ಟರು ಅವಳ ಹಿಂದೆ ಮುಂದೆ ನೋಡುತ್ತಾನೆ, ಸಾಹೇಬರು ಎಲ್ಲಿ ಕುಳಿತಿದ್ದಾರೆ ಎಂದು. "ನನ್ನ ಪಾಸ ಅದ ಅಪ್ಪಾ" ಎನ್ನುತ್ತಾಳೆ ಸಮಾಧಾನದಿಂದ. ನನಗೆ ಆ ಸಮಾಧಾನ ಇಲ್ಲ, ಬರುವುದೂ ಬೇಡ.

ಈ ವರ್ಷ ಸಾಲೆ ಶುರುವಾದಾಗ ಗಡಿಯಂಚಿನ ಆ ಹಳ್ಳಿಯ ಗಟ್ಟಿ ಮೈಯ ಹೆಂಗಸು ಮತ್ತೆ ಬಂದಳು. ಕನ್ನಡದ ಮಾಸ್ತರರಿಗೆ ಬದಲಿಯಾಗಿದೆ, ಜಾಗ ಖಾಲಿ ಬಿದ್ದಿದೆ, ಮರಾಠಿಯವರೇ ಬರುತ್ತಾರಂತೆ ಎಂದಳು. ಅಣ್ಣ ಪಡಸಾಲೆಯಲ್ಲಿದ್ದ, ಆಕೆ ಅವನತ್ತ ನೋಡದೆ ಹಿತ್ತಲಿನಿಂದಲೇ ಬಂದಳು. ಈಗ ಕೈಯಲ್ಲಿ ಅಧಿಕಾರವಿಲ್ಲ ಎಂದು ವೈನಿ ಹೇಳಿದಳು. "ಅಧಿಕಾರ ಇದ್ದವರ ಮನಿಗಿ ಹೋಗಿ ಬಂದೀವ್ರಿ. ನೀವು ಬರ್ರಿ" ಎಂದಳು ಆಕೆ.

ಹಾಗಾಗಿ ಮೊನ್ನೆ ಸೋಮವಾರ ವೈನಿಯೂ ನಾನೂ ತಾಲೂಕಿನ ಶಿಕ್ಷಣ ಕಚೇರಿಗೆ ಹೋದೆವು. ಮೊದಲಾದರೆ ಅಧಿಕಾರಿಗಳು ಗೇಟಿನ ತನಕ ಬರುತ್ತಿದ್ದರು. ಈಗ ಶಿಪಾಯಿ ಹೊರಗಿನ ಬೆಂಚು ತೋರಿಸಿದ. ಅಧಿಕಾರಿ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದ. ಒಳಗಿನಿಂದ ನಗು ಕೇಳಿಸುತ್ತಿತ್ತು, ಚಹಾದ ಕಪ್ಪುಗಳ ಸದ್ದು ಕೇಳಿಸುತ್ತಿತ್ತು. ಮಧ್ಯಾಹ್ನವಾಯಿತು. ನಾನು ಬಾಗಿಲು ತಳ್ಳಿ ಒಳಗೆ ನುಗ್ಗಲು ಎದ್ದೆ. ವೈನಿ ಕೈಚೀಲದಿಂದ ಅರಿವೆಯ ಗಂಟು ತೆಗೆದು ಬೆಂಚಿನ ಮೇಲೆ ಬಿಚ್ಚಿದಳು; ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ.

"ಕುಂದರ್ರಿ ಅಕ್ಕಾ. ಇವರು ಲಗೂನ ಕರಿಯಂಗಿಲ್ಲ. ಉಂಡು ಆಮ್ಯಾಲ ಸಿಟ್ಟಿಗೇಳ್ರಿ."

ನಾನು ಕುಳಿತು ಉಂಡೆ. ಉಂಡ ಮೇಲೂ ಸಿಟ್ಟು ಇಳಿಯಲಿಲ್ಲ. ನಾಲ್ಕು ಗಂಟೆಯಾದರೂ ಒಳಗಿನಿಂದ ಕರೆ ಬರಲಿಲ್ಲ, ಅವಳೂ ಏಳಲಿಲ್ಲ.